ಕುರಿಯಿಲ್ಲದ ನಡಿಗೆ

ಅಂಬಾದಾಸ ಈ ವರ್ಷದ ಚಳಿಗಾಲವನ್ನು ಮನೆಯಲ್ಲಿ ಕಳೆಯುತ್ತಿದ್ದ. ಇದರಲ್ಲೇನು ವಿಶೇಷ ಎಂದು ಕೇಳುವವರು ಕುರಿ ಸಾಕಿದವರಲ್ಲ. ಮೀಸೆ ಮೂಡುವ ಮುಂಚಿನಿಂದಲೂ ದೀಪಾವಳಿ ಕಳೆದ ಮೇಲೆ ಅವನು ಸೂರಿನ ಕೆಳಗೆ ಮಲಗಿದವನಲ್ಲ. ಹಬ್ಬದ ಹೋಳಿಗೆ ಹೊಟ್ಟೆಯಲ್ಲಿ ಕರಗುವ ಮೊದಲೇ ಬೀರಪ್ಪನಿಗೆ ಭಂಡಾರ ಏರಿಸಿ ಕುರಿ ಹೊಡೆದುಕೊಂಡು ಊರು ಬಿಡುವುದು; ಮಾಂಜರಾ ಹೊಳೆ ದಾಟಿ, ದೇವಣಿ ದಾಟಿ, ರಾಶಿ ಮುಗಿದ ಹೊಲಗಳಲ್ಲಿ ಮಂದೆ ತರುಬಿ, ಹೊಲದವರಿಗೆ ಗೊಬ್ಬರ ತಮಗೆ ಜೋಳ ಎಂದು ಊರೂರು ಅಲೆದು, ಮೋಡ ಕಟ್ಟಿದ ಮೇಲೆ ಕಾಸಾರಶಿರಸಿ ಪಕ್ಕದ ತಮ್ಮ ಹಳ್ಳಿಗೆ ತಿರುಗಿ ಬರುವುದು. ಅವನ ಅಪ್ಪನೂ ಹೀಗೇ ಬದುಕಿದವನು. ಮನೆಯೆಂದರೆ ಮಳೆ ನಿಲ್ಲುವತನಕ ಕೂರುವ ಜಾಗ ಎಂದೇ ಅಂಬಾದಾಸ ತಿಳಿದಿದ್ದ.

ಈ ಸಲ ಕುರಿಗಳು ಹೋಗಿದ್ದವು, ಮಗ ನಾಗನಾಥ ಹೋಗಿದ್ದ, ಇವನೊಬ್ಬ ಉಳಿದಿದ್ದ. ಕಾರಣ ಹೆಂಡತಿ ಮಲಕಮ್ಮ. ದಸರೆ ಮುಗಿದ ಮೇಲೆ ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಕೂತವಳ ಕೈ ಹಿಟ್ಟಿನ ಮೇಲೇ ನಿಂತುಬಿಟ್ಟಿತ್ತು. ಬಾಯಿ ಓರೆಯಾಯಿತು, ಮಾತು ತೊದಲಿತು. ಸೊಸೆ ಸಾರಿಕಾ ಗಾಬರಿಯಾಗದೆ ಓಣಿಯ ಜೀಪು ತರಿಸಿ ಉದಗೀರಕ್ಕೆ ಒಯ್ದದ್ದರಿಂದ ಲಕ್ವಾ ಮುಟ್ಟಿ ಹೋಯಿತೇ ಹೊರತು ಮುರಿದು ಹೋಗಲಿಲ್ಲ. ಬಾಯಿ ನೆಟ್ಟಗಾಯಿತು. ಮಾತು ಬಂತು, ಮೊದಲಿಗಿಂತ ಸ್ವಲ್ಪ ಹರಿತವಾಗಿಯೇ ಬಂತು. ಎಡಗಾಲು ಮಾತ್ರ ನೆಲ ಬಿಟ್ಟು ಏಳದೆ ಎಳೆಯುತ್ತಿತ್ತು.

ಉದಗೀರದ ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಅಂಬಾದಾಸ ಬಾಯಿಪಾಠ ಮಾಡಿಕೊಂಡಿದ್ದ. ಗುಳಿಗೆ ಕೊಡುವುದು ನನ್ನ ಕೆಲಸ, ನಡೆಯುವುದು ಅವರ ಕೆಲಸ. ಈ ಚಳಿಗಾಲ ದಿನಾ ನಡೆದರೆ ಕಾಲು ತಿರುಗಿ ಬರುತ್ತದೆ, ಕೂತರೆ ಹೀಗೇ ಬಿಗಿದುಕೊಂಡು ಹೋಗುತ್ತದೆ, ಆಮೇಲೆ ನನ್ನ ಕೈಲೂ ಏನೂ ಇಲ್ಲ. ಅಷ್ಟು ಸಾಕಾಗಿತ್ತು. ಮಂದೆಯನ್ನು ನಾಗನಾಥನ ಕೈಗೂ, ಅದರ ಹಿಂದೆ ನಡೆಯುವ ಕೆಲಸವನ್ನು ತಮ್ಮನ ಮಗ ಪಂಡಿತನ ಕೈಗೂ ಒಪ್ಪಿಸಿ ಅಂಬಾದಾಸ ಮನೆಯಲ್ಲಿ ಕೂತ. ಸಾರಿಕಾಳೂ ಗಂಡನ ಸಂಗಡ ಹೋಗಬೇಕಾದವಳು, ಅತ್ತೆಗಾಗಿ ಸಂಕ್ರಾಂತಿಯವರೆಗೆ ಉಳಿದಳು.

ಎಲ್ಲರೂ ಉಳಿದದ್ದೇ ಬಂತು, ನಡೆಯಬೇಕಾದವಳು ನಡೆಯಲಿಲ್ಲ. ಗೋಡೆ ಹಿಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುತ್ತಿದ್ದಳು, ಹೊಸ್ತಿಲು ದಾಟು ಎಂದರೆ ಮುಖ ತಿರುಗಿಸುತ್ತಿದ್ದಳು. ಅವರ ಮಂದಿಯಲ್ಲಿ ನಡೆಯುವುದೆಂದರೆ ಎಲ್ಲಿಗಾದರೂ ಹೋಗುವುದು. ಸುಮ್ಮನೆ ಹೋಗಿ ಸುಮ್ಮನೆ ತಿರುಗಿ ಬರುವುದು ಮನೆಯಲ್ಲಿ ಏನಾದರೂ ಮರೆತು ಬಂದವರು ಮಾಡುವ ಕೆಲಸ.

"ಉಗೀಚ್ ಹೋಗಿ ಉಗೀಚ್ ಬರೂದೇನು?" ಎನ್ನುವಳು. "ಯಾರರ ಎಲ್ಲಿಗಿ ಹೊಂಟೀ ಅಂತ ಕೇಳಿದ್ರ ಏನ್ ಹೇಳ್ಲಿ? ಕಾಲು ಎಳಕೋತ ಊರಿಗಿ ತೋರಸ್ಲಿಕ್ಕ ಹೊಂಟೀನಿ ಅಂತ ಹೇಳ್ಲೇನು?"

ಅಂಬಾದಾಸ ಬೈದು ನೋಡಿದ, ಬೇಡಿಕೊಂಡು ನೋಡಿದ. ಹಟಮಾರಿ ಟಗರನ್ನು ಕೊಂಬು ಹಿಡಿದು ಹೊಳೆ ದಾಟಿಸಿದವನಿಗೆ ಹೆಂಡತಿಯನ್ನು ಹೊಸ್ತಿಲು ದಾಟಿಸಲು ಆಗಲಿಲ್ಲ.

ಇಷ್ಟರಲ್ಲಿ ಅವನಿಗೆ ಇನ್ನೊಂದು ಪೇಚು ಶುರುವಾಗಿತ್ತು. ಮನೆ ಅವನಿಗೆ ಹಿಡಿಸತೊಡಗಿತ್ತು. ಮೊದಮೊದಲು ಕೌದಿಯ ಕೆಳಗೆ ನಿದ್ದೆಯೇ ಬರಲಿಲ್ಲ. ಮಲಕಮ್ಮನ ಹಳೆಯ ಸೀರೆಗಳನ್ನೆಲ್ಲ ಕೂಡಿಸಿ ಹೊಲಿದ ಆ ಕೌದಿ ಮೆತ್ತಗೆ, ಹಗುರಾಗಿ, ಮೈಮೇಲೆ ಇದೆಯೋ ಇಲ್ಲವೋ ತಿಳಿಯದಂತೆ ಇರುತ್ತಿತ್ತು. ಕಂಬಳಿಯ ಚುಚ್ಚುವಿಕೆ ಇಲ್ಲದೆ ಮಲಗುವುದು ಹೇಗೆ ಎಂದು ಹೊರಳಾಡಿದವನು ಈಗ ಬಿಸಿಲು ಬಾಗಿಲಿಗೆ ಬಂದರೂ ಅದರೊಳಗಿಂದ ಏಳುತ್ತಿರಲಿಲ್ಲ. ಎದ್ದರೆ ಶುಂಠಿ ಹಾಕಿದ ಚಹಾ. ಚಹಾ ಮುಗಿದರೆ ಪಡುವಣ ಗೋಡೆಗೆ ಬಿದ್ದ ಬಿಸಿಲಿನಲ್ಲಿ ಬೆನ್ನು ಹಚ್ಚಿ ಕೂರುವುದು, ಬಿಸಿಲು ಸರಿದಂತೆ ತಾನೂ ಸರಿಯುವುದು. ಹಂಚಿನಿಂದ ನೇರ ತಾಟಿಗೆ ಬೀಳುವ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಅದರ ಮೇಲೆ ಎಣ್ಣೆ. ಬಯಲಿನಲ್ಲಿ ತಿಂದ ತಣ್ಣನೆಯ ಕಟಕಲು ರೊಟ್ಟಿಗಳೆಲ್ಲ ನೆನಪಾಗಿ ಅವನಿಗೆ ಒಂಥರಾ ನಾಚಿಕೆಯಾಗುತ್ತಿತ್ತು. ಮಗ ಎಲ್ಲೋ ಮಂಜಿನಲ್ಲಿ ಬೆಂಕಿಗೆ ಮೈ ಕಾಯಿಸುತ್ತಿದ್ದಾನೆ, ಹೆಂಡತಿಗೆ ಕಾಲಿಲ್ಲ, ತಾನು ಮಾತ್ರ ಮದುವೆಗೆ ಬಂದ ಬೀಗರ ಹಾಗೆ ಕೂತು ತಿನ್ನುತ್ತಿದ್ದೇನೆ ಎನ್ನಿಸುತ್ತಿತ್ತು. ಹಾಗೆನ್ನಿಸಿದರೂ ಮತ್ತೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ.

ಇನ್ನೂ ಒಂದು ಸುಖವಿತ್ತು, ಅದಕ್ಕೆ ಅವನು ಹೆಸರಿಟ್ಟಿರಲಿಲ್ಲ. ಮಲಕಮ್ಮ ಎದುರಿಗೇ ಇರುತ್ತಿದ್ದಳು. ಕೈ ಹಾಕಿದರೆ ಸಿಗುವಷ್ಟು ದೂರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ಅವನು ಮಾತಾಡುತ್ತಿದ್ದ. ಒಂದು ದಿನ ಅವಳು ಕೈ ನಿಲ್ಲಿಸಿ ಅವನನ್ನೇ ನೋಡಿ, "ನಿಮಗ ಇಷ್ಟು ಮಾತು ಬರ್ತಾವಂತ ನನಗ ಗೊತ್ತೇ ಇದ್ದಿದ್ದಿಲ್ಲ" ಎಂದಳು. ಅವನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ.

ಸಂಕ್ರಾಂತಿಗೆ ಕೆಲವೇ ದಿನ ಉಳಿದಿದ್ದಾಗ ಒಂದು ಮುಂಜಾನೆ ಥಂಡಿ ಸಡಿಲಾಯಿತು. ಗಾಳಿ ಇರಲಿಲ್ಲ, ಬಿಸಿಲು ಹಿತವಾಗಿತ್ತು. ಅಂಬಾದಾಸನ ತಲೆಯಲ್ಲಿ ಒಂದು ಹಂಚಿಕೆ ಹೊಳೆಯಿತು. ಅವನು ನಡೆಯುವ ಮಾತೇ ಎತ್ತಲಿಲ್ಲ.

"ಗುರುಲಿಂಗಪ್ಪನ ಹೊಲದಾಗ ಸೀತನಿ ಆಗ್ಯಾವಂತ" ಎಂದ, ಗೋಡೆಗೆ ಹೇಳಿದವನಂತೆ. "ನಿನ್ನಿ ಸಿಕ್ಕಿದ್ದ. ಬಾ, ಸುಟ್ಟು ಕೊಡ್ತೀನಿ ಅಂದಾನ. ಸುಲಗಾಯಿನೂ ಅದಾವಂತ."

ಜೋಳದ ಹಸಿ ತೆನೆಯನ್ನು ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿ ತಿನ್ನುವ ಸೀತನಿಯೆಂದರೆ ಆ ಸೀಮೆಯಲ್ಲಿ ಬೇಡ ಎನ್ನುವವರಿಲ್ಲ. ಮಲಕಮ್ಮನಿಗೆ ಅದಕ್ಕಿಂತ ಹಸಿ ಕಡಲೆಯ ಸುಲಗಾಯಿ ಎಂದರೆ ಪ್ರಾಣ. ಚಿಕ್ಕಂದಿನಲ್ಲಿ ಯಾರದೋ ಹೊಲದಲ್ಲಿ ಗಿಡ ಕಿತ್ತು ಏಟು ತಿಂದವಳು. ಅಂಬಾದಾಸ ಅವಳ ಸೋದರತ್ತೆಯ ಮಗ, ಆ ಏಟಿಗೆ ಸಾಕ್ಷಿಯಾಗಿದ್ದವನು.

"ತಂದು ಕೊಡ್ರಿ ಹಂಗಾರ" ಎಂದಳು.

"ಸೀತನಿ ಮನೀಗಿ ತಂದ್ರ ಅದು ಸೀತನಿ ಆಗ್ತದೇನು? ಅಲ್ಲೇ ತಿನ್ನಬೇಕು."

ಅಂಬಾದಾಸ ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಊರಾಗಿಂದ ಬ್ಯಾಡ" ಎಂದಳು. "ಹಿತ್ತಲದಾಗಿಂದ ಕಾಲುದಾರಿ ಹಿಡದು ಹೋದ್ರ ಯಾರೂ ಸಿಗಂಗಿಲ್ಲ."

ಸಾರಿಕಾ ಒಳಗಿನಿಂದ ಕಿವಿಗೊಟ್ಟು ಕೇಳುತ್ತಿದ್ದಳು. ತಾನು ಮಾತಾಡಿದರೆ ಎಲ್ಲಿ ಅತ್ತೆ ಮನಸ್ಸು ಬದಲಿಸುತ್ತಾಳೋ ಎಂದು ತುಟಿ ಬಿಚ್ಚದೆ ಬಂದು, ಅತ್ತೆಯ ಕಾಲಿಗೆ ಚಪ್ಪಲಿ ಹಾಕಿ ಪಟ್ಟಿ ಬಿಗಿದಳು. ಊರುಗೋಲು ಕೊಡಲು ಹೋದರೆ ಮಲಕಮ್ಮ ಬೇಡವೆಂದಳು, ಅದು ಮುದುಕಿಯರು ಹಿಡಿಯುವುದಂತೆ. ಅಂಬಾದಾಸ ತನ್ನ ಕುರಿ ಕಾಯುವ ಬಡಿಗೆಯನ್ನೇ ಕೊಟ್ಟ. ಅದನ್ನು ಹಿಡಿದುಕೊಂಡಳು. ಇವನು ಬರಿಗೈಯಲ್ಲಿ ಹೊರಟ.

ಕಾಲುದಾರಿ ಹೊಲಗಳ ಬದುವಿನ ಮೇಲೆ ಹಾದು ಹೋಗುತ್ತದೆ, ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ಒಂದು ಕಡೆ ಆಳೆತ್ತರದ ಜೋಳ, ಇನ್ನೊಂದು ಕಡೆ ಮೊಣಕಾಲೆತ್ತರದ ಕಡಲೆ. ತೊಗರಿ ಕೊಯ್ದ ಹೊಲಗಳಲ್ಲಿ ಕೂಳೆ ಉಳಿದು ಅದರ ನಡುವೆ ಬೆಳ್ಳಕ್ಕಿಗಳು ಅಡ್ಡಾಡುತ್ತಿದ್ದವು. ಮಲಕಮ್ಮ ಬಡಿಗೆ ಊರಿ, ಬಲಗಾಲು ಹಾಕಿ, ಎಡಗಾಲನ್ನು ಎಳೆದು ತರುತ್ತಿದ್ದಳು. ಅಂಬಾದಾಸ ಮುಂದೆ ನಡೆದ. ಅವನು ಮುಂದೆ ನಡೆದದ್ದರಲ್ಲಿ ಯೋಚನೆ ಏನೂ ಇರಲಿಲ್ಲ, ಅವನು ಯಾವಾಗಲೂ ಮುಂದೆಯೇ ನಡೆದವನು.

ಕುರಿ ಹೊಡೆಯುವವರ ಪದ್ಧತಿಯೇ ಹಾಗೆ. ಗಂಡಸು ಮುಂದೆ ನಡೆದು ದಾರಿ ನೋಡುತ್ತಾನೆ, ಹೊಲದವರ ಸಂಗಡ ಮಾತಾಡುತ್ತಾನೆ, ಕುರಿಗಳನ್ನು ಕರೆಯುತ್ತಾನೆ. ನಡುವೆ ಮಂದೆ. ಎಲ್ಲಕ್ಕಿಂತ ಹಿಂದೆ ಹೆಂಗಸು, ಸಾಮಾನು ಹೊತ್ತ ತಟ್ಟುಕುದುರೆ ಹಿಡಿದು, ಹುಟ್ಟಿದ ಮರಿ ಜೋಳಿಗೆಯಲ್ಲಿ ಹಾಕಿಕೊಂಡು, ಕುಂಟುವ ಕುರಿಯನ್ನು ಹುರುಪುಗೊಳಿಸುತ್ತ ಬರಬೇಕು. ಇಬ್ಬರ ನಡುವೆ ಧೂಳು ಇರುತ್ತದೆ, ಕುರಿಗಳ ಸಪ್ಪಳ ಇರುತ್ತದೆ. ಆ ಸಪ್ಪಳ ಹಿಂದೆ ಬರುತ್ತಿದ್ದರೆ ಎಲ್ಲ ಸರಿಯಿದೆ ಎಂದು ಮುಂದಿನವನಿಗೆ ತಿಳಿಯುತ್ತದೆ, ಹೊರಳಿ ನೋಡುವ ಕೆಲಸವಿಲ್ಲ. ಮದುವೆಯಾದಾಗಿನಿಂದ ಇವರಿಬ್ಬರು ನಡೆದ ದಾರಿ ಕೂಡಿಸಿದರೆ ಎಷ್ಟೋ ಆದೀತು, ಅಷ್ಟೂ ದಾರಿಯಲ್ಲಿ ಒಂದು ದಿನವೂ ಪಕ್ಕಪಕ್ಕ ನಡೆದವರಲ್ಲ.

ಬಿಸಿಲು ಬೆನ್ನಿಗೆ ಬೀಳುತ್ತಿತ್ತು. ಅಂಬಾದಾಸನ ಕಾಲುಗಳಿಗೆ ಹಳೆಯ ಗತ್ತು ಸಿಕ್ಕಿತು. ಎಷ್ಟು ದಿನ ಆಗಿತ್ತು ಹೀಗೆ ನಡೆದು. ಅವನಿಗೆ ಖುಷಿಯಾಯಿತು, ಖುಷಿಯಾದರೆ ಅವನು ಮಾತಾಡುತ್ತಾನೆ. ಈ ಹೊಲ ಯಾರದು, ಆ ಬಾವಿ ತೋಡಿದ್ದು ಯಾವಾಗ, ಯಾರು ಕಬ್ಬು ಹಾಕಿ ಕೈ ಸುಟ್ಟುಕೊಂಡರು ಎಂದು ಹೆಗಲ ಮೇಲಿಂದ ಹಿಂದಕ್ಕೆ ಹೇಳುತ್ತ ಹೋದ. ಹೇಳುತ್ತ ಹೇಳುತ್ತ ದೇವಣಿಯ ಹಳ್ಳದ ಕಥೆಗೆ ಬಂದ.

ಅದು ಅವನ ಮೆಚ್ಚಿನ ಕಥೆ, ನೆಂಟರು ಕೂಡಿದಲ್ಲೆಲ್ಲ ಹೇಳುತ್ತಿದ್ದ. ನಾಗನಾಥ ಹುಟ್ಟಿದ ದಿನದ ಕಥೆ. ದೇವಣಿ ಹಳ್ಳದ ಹತ್ತಿರ ಮಂದೆ ಸಾಗುತ್ತಿದ್ದಾಗ ಹಿಂದೆ ಮಲಕಮ್ಮನಿಗೆ ಹೆರಿಗೆಯ ಬ್ಯಾನಿ ಎದ್ದಿತ್ತು. ಅವಳ ಸಂಗಡ ಇದ್ದದ್ದು ನೆಗೆಣ್ಣಿ ರಂಭಾಬಾಯಿ ಒಬ್ಬಳೇ. ಅಂಬಾದಾಸ ಮುಂದೆ ಮುಂದೆ ಹೋಗಿ, ಹೊತ್ತು ಮುಳುಗುವಾಗ ಹೊಲ ಸೇರಿ ಮಂದೆ ನಿಲ್ಲಿಸಿ, ಕುದುರೆ ಯಾಕೆ ಬರಲಿಲ್ಲವೆಂದು ಕಾಯುತ್ತ ಕೂತ. ಕುದುರೆ ಬಂತು, ಅದರ ಮೇಲೆ ಮಲಕಮ್ಮ, ಅವಳ ಮಡಿಲಲ್ಲಿ ಕೂಸು.

"ಮುಂಜಾನಿಗಿಂತ ಒಂದು ಮರಿ ಹೆಚ್ಚ ಬಂದದಲ್ಲ ಅಂದೆ ನಾ" ಎಂದು ಅಂಬಾದಾಸ ಕಥೆ ಮುಗಿಸಿದ. ಈ ಮಾತಿಗೆ ಎಲ್ಲರೂ ನಗುತ್ತಾರೆ, ಮಲಕಮ್ಮನೂ ನಗುತ್ತಾಳೆ. ಅವನು ಆ ನಗುವಿಗಾಗಿ ಕಾದ. ನಗು ಬರಲಿಲ್ಲ. ಅದಕ್ಕೇ ಹೊರಳಿ ನೋಡಿದ.

ಹಿಂದೆ ಯಾರೂ ಇರಲಿಲ್ಲ. ದಾರಿ ಬಿಸಿಲಲ್ಲಿ ಖಾಲಿ ಬಿದ್ದಿತ್ತು.

ಅವನು ಗುರುಲಿಂಗಪ್ಪನ ಹೊಲದ ತನಕ ಬಂದುಬಿಟ್ಟಿದ್ದ. ಯಾವಾಗಿನಿಂದ ಒಬ್ಬನೇ ಮಾತಾಡುತ್ತ ನಡೆಯುತ್ತಿದ್ದನೋ ದೇವರೇ ಬಲ್ಲ. ಮತ್ತೆ ಲಕ್ವಾ ಹೊಡೆಯಿತೇ, ಬಾವಿಯ ಕಡೆ ಜಾರಿದಳೇ, ಏನೇನೋ ಯೋಚನೆಗಳು ಒಂದೇ ಸಲ ನುಗ್ಗಿದವು. ಬಂದ ದಾರಿಯಲ್ಲೇ ಓಡಿದ. ಅರವತ್ತು ದಾಟಿದ ಮನುಷ್ಯ, ಧೋತರ ಎತ್ತಿ ಹಿಡಿದು, "ಮಲಕಾ, ಏ ಮಲಕಾ" ಎಂದು ಕರೆಯುತ್ತ ಓಡಿದ. ಜೋಳದ ದಂಟುಗಳ ಮೇಲಿನ ಗುಬ್ಬಿಗಳು ಹಾರಿದವೇ ಹೊರತು ಯಾರೂ ಓಗೊಡಲಿಲ್ಲ.

ಕಬ್ಬಿನ ಹೊಲಕ್ಕೆ ನೀರು ಬಿಟ್ಟ ಸಣ್ಣ ಕಾಲುವೆ ದಾರಿಗೆ ಅಡ್ಡ ಬರುತ್ತದೆ. ಅದರ ಪಕ್ಕದ ಜಾಲಿಗಿಡದ ಕೆಳಗೆ ಮಲಕಮ್ಮ ಕೂತಿದ್ದಳು. ಎಡಗಾಲು ಮೊಣಕಾಲಿನವರೆಗೆ ಕೆಸರು. ಚಪ್ಪಲಿ ಕೆಸರಲ್ಲಿ ಹುಗಿದುಕೊಂಡಿತ್ತು, ಬಡಿಗೆ ಆಚೆ ದಂಡೆಯಲ್ಲಿ ಬಿದ್ದಿತ್ತು. ಅವಳು ಕೈಗೆಟುಕಿದ ಕಡಲೆ ಗಿಡ ಒಂದನ್ನು ಕಿತ್ತು, ಒಂದೊಂದೇ ಸುಲಗಾಯಿ ಬಿಡಿಸಿ ತಿನ್ನುತ್ತಿದ್ದಳು.

ಅವಳು ಚೆನ್ನಾಗಿರುವುದು ಕಂಡದ್ದೇ ಅಂಬಾದಾಸನಿಗೆ ಸಿಟ್ಟು ಬಂತು. ಹೆದರಿದ ಗಂಡಸರ ಸಿಟ್ಟು.

"ಬಾಯಿ ಇದ್ದಿದ್ದಿಲ್ಲೇನು ನಿನಗ? ಕಾಲು ಸಿಕ್ಕಿದ ಕೂಡ್ಲೇ ಒದರಬೇಕೋ ಬ್ಯಾಡೋ? ನನ್ನ ಜೀವಾನೇ ಹೋಗಿತ್ತಲ್ಲ."

ಮಲಕಮ್ಮ ಬಾಯಲ್ಲಿದ್ದ ಕಡಲೆಯನ್ನು ನುಂಗಿ ಮುಗಿಸಿದಳು. "ಒದರಿದ್ರ ಕೇಳತದ ಅನ್ನೂದು ನಾ ಅಂದೇ ಬಿಟ್ಟೀನಿ" ಎಂದಳು.

"ಅಂದಂದ್ರ ಎಂದು?"

"ಈಗ ಹೇಳ್ಕೋತ ಹೋದ್ರಲ್ಲ, ಅಂದು. ದೇವಣಿ ಹಳ್ಳದಾಗ."

ಅಂಬಾದಾಸನಿಗೆ ಅರ್ಥವಾಗಲಿಲ್ಲ. ಅವಳು ಸಿಟ್ಟಿಲ್ಲದೆ, ಅಳುವೂ ಇಲ್ಲದೆ, ಪೇಟೆಗೆ ಹೋಗಿ ಬಂದದ್ದು ಹೇಳುವವಳಂತೆ ಹೇಳಿದಳು.

"ಬ್ಯಾನಿ ಎದ್ದಾಗ ರಂಭಾಬಾಯಿ ಇನ್ನ ಹಿಂದೇ ಇದ್ದಳು, ನಾ ಒಬ್ಬಾಕೀನೇ ಇದ್ದೆ. ನಾಗ್ಯಾನ ಅಪ್ಪಾ ಅಂತ ಕರೀಲಿಕ್ಕ ನಾಗ್ಯಾ ಇನ್ನ ಹುಟ್ಟಿದ್ದಿಲ್ಲ. ಏನಂತ ಕರೀಬೇಕು? ನಿಮ್ಮ ಹೆಸರ ಹಿಡದು ಒದರಿದೆ. ಅಂಬಾದಾಸ, ಅಂಬಾದಾಸ ಅಂತ, ಗಂಟಲ ಹರಿಯೋತನಕ. ನೀವು ತಿರುಗಿ ನೋಡ್ಲಿಲ್ಲ. ನಿಮ್ಮ ತಲೀ ಮ್ಯಾಲಿನ ಪಟಕಾ ಕಾಣಸ್ತಿತ್ತು ನನಗ, ಧೂಳಾಗ ಹಂಗೇ ಮುಂದ ಮುಂದ ಹೋಯ್ತು."

ಅವರ ಪೈಕಿಯಲ್ಲಿ ಹೆಂಡತಿಯಾದವಳು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ಮದುವೆಗೆ ಮುಂಚೆ ಮಲಕಮ್ಮ ಅವನನ್ನು ಅಂಬ್ಯಾ ಎಂದೇ ಕರೆಯುತ್ತಿದ್ದಳು, ಅಕ್ಕಿಕಾಳು ಬಿದ್ದ ದಿನದಿಂದ ಆ ಹೆಸರು ನಿಂತಿತ್ತು. ಮತ್ತೆಂದೂ ಅವಳ ಬಾಯಲ್ಲಿ ತನ್ನ ಹೆಸರು ಬಂದಿಲ್ಲವೆಂದು ಅಂಬಾದಾಸ ತಿಳಿದಿದ್ದ. ಬಂದಿತ್ತು. ಇವನಿಗೆ ಕೇಳಿಸಿರಲಿಲ್ಲ.

"ಇಷ್ಟು ವರ್ಷ ಹೇಳಿದ್ದಿಲ್ಲ ನೀ" ಎಂದ.

"ನೀವು ನಗಸ್ಲಿಕ್ಕ ಹೇಳ್ತಿದ್ರಿ. ಮಂದಿ ನಗ್ತಿದ್ರು. ನಡುವ ನಾ ಏನ್ ಹೇಳ್ಲಿ?"

ಅಂಬಾದಾಸ ಕಾಲುವೆಯ ಕೆಸರಿಗೇ ಇಳಿದು ಕೂತ. ತಾನು ಆ ಕಥೆಯನ್ನು ಎಷ್ಟು ಮದುವೆಗಳಲ್ಲಿ, ಎಷ್ಟು ಜಾತ್ರೆಗಳಲ್ಲಿ ಹೇಳಿರಬಹುದೆಂದು ನೆನೆದು ಮೈಯೆಲ್ಲ ಬಿಸಿಯಾಯಿತು. ಪ್ರತಿ ಸಲವೂ ಅವಳು ಪಕ್ಕದಲ್ಲಿ ಕೂತು ನಕ್ಕಿದ್ದಳು. ಹೆಗಲ ಮೇಲಿನ ಟವೆಲು ನೀರಲ್ಲಿ ಅದ್ದಿ ಅವಳ ಎಡಗಾಲನ್ನು ತೊಳೆಯತೊಡಗಿದ.

"ಬಿಡ್ರಿ, ಕಾಲು ಮುಟ್ಟಬ್ಯಾಡ್ರಿ. ನನಗ ಪಾಪ ಹತ್ತತದ."

"ಹತ್ಲಿ ಬಿಡು" ಎಂದ. ಬೆರಳ ಸಂದಿಯ ಕೆಸರನ್ನೂ ತೆಗೆದ. ಆ ಪಾದ ಎಷ್ಟು ಒಡೆದಿದೆ ಎಂದು ಅವನು ಮೊದಲ ಸಲ ನೋಡುತ್ತಿದ್ದ. "ನನಗ ಕುರಿ ಸಪ್ಪಳ ಕೇಳಸ್ತಿತ್ತು ಮಲಕಾ. ಕುರಿ ಸಪ್ಪಳ ಅದ ಅಂದ್ರ ನೀ ಇದ್ದೀ ಅಂತ ತಿಳಕೊಂಡಿದ್ದೆ."

"ಅಂದು ಖರೇ. ಇವತ್ತ ಕುರಿ ಎಲ್ಲಿದ್ದವು?"

ಅಂಬಾದಾಸ ಸ್ವಲ್ಪ ಹೊತ್ತು ಟವೆಲು ಹಿಂಡಿದ. "ಇದ್ದಿದ್ದಿಲ್ಲ" ಎಂದ. "ಇಲ್ದಿದ್ರೂ ಕೇಳಸ್ತಿತ್ತು."

ಆಮೇಲೆ ಕೆಸರಿಗೆ ಕೈ ಹಾಕಿದ. ಚಪ್ಪಲಿ ಕಿತ್ತು ತೊಳೆದು ಹಾಕಿಸಿದ, ಬಡಿಗೆ ತಂದು ಕೈಗೆ ಕೊಟ್ಟ. ಎದ್ದು ನಿಂತವಳು ಊರಿನ ಕಡೆ ಮುಖ ಮಾಡಿದಳು.

"ಸೀತನಿ?" ಎಂದು ಅವನು ಕೇಳಿದ.

"ಮನೀಗಿ ಹೋಗೂಣು."

ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡ ಅಂಬಾದಾಸ. ಇಷ್ಟು ದಿನ ಕಾಡಿ ಬೇಡಿ ಒಂದು ದಿನ ಹೊಸ್ತಿಲು ದಾಟಿಸಿದ್ದ, ಆ ಒಂದು ದಿನವನ್ನೂ ತಾನೇ ಹಾಳು ಮಾಡಿದ್ದ. ಇನ್ನು ಇವಳು ಹೊರಗೆ ಬರುವುದಿಲ್ಲ, ಚಳಿಗಾಲ ಕಳೆಯುತ್ತದೆ, ಕಾಲು ಬಿಗಿದುಕೊಳ್ಳುತ್ತದೆ. ಡಾಕ್ಟರು ಹೇಳಿದ ಮಾತು ಕಿವಿಯಲ್ಲಿ ತಿರುಗುತ್ತಿತ್ತು. ಅವನಿಗೆ ಅಳು ಬಂದಂತಾಯಿತು. ಬಂದಿತ್ತು ಎಂದೇ ಹೇಳಬೇಕು, ಪಟಕದ ಚುಂಗಿನಿಂದ ಒರೆಸಿಕೊಂಡ.

ಈಗ ನಡೆಯುವುದು ಹೇಗೆ ಎಂಬುದೇ ಅವನಿಗೆ ತಿಳಿಯದಾಯಿತು. ಮುಂದೆ ನಡೆಯಲು ಮನಸ್ಸಿಲ್ಲ. ಹಿಂದೆ ನಡೆದರೆ, "ಏನ್ರಿ, ಕುರಿ ಹೊಡದಂಗ ಹೊಡೀಲಿಕತ್ತೀರಿ" ಎಂದಳು. ಕೊನೆಗೆ ದಾರಿ ಅವಳಿಗೆ ಬಿಟ್ಟು ತಾನು ಕಡಲೆಯ ಹೊಲದ ಅಂಚಿನಲ್ಲಿ, ಸಾಲಿನೊಳಗೆ ಕಾಲಿಟ್ಟು, ಅವಳ ಪಕ್ಕದಲ್ಲಿ ನಡೆದ. ಕಡಲೆ ಸೊಪ್ಪಿನ ಹುಳಿ ಮೀನಖಂಡಕ್ಕೆ ಹತ್ತಿ ಉರಿಯಿತು. ಅದಕ್ಕಿಂತ ಕಷ್ಟವೆಂದರೆ ಹೆಜ್ಜೆ ಸಣ್ಣದು ಮಾಡುವುದು. ಅವನು ಒಂದು ಹೆಜ್ಜೆ ಹಾಕಿ ನಿಲ್ಲಬೇಕು, ಅವಳು ಬಡಿಗೆ ಊರಿ, ಬಲಗಾಲು ಹಾಕಿ, ಎಡಗಾಲು ಎಳೆದು ತರುವತನಕ ಕಾಯಬೇಕು. ಒಂದೆರಡು ಸಲ ತಪ್ಪಿ ಮುಂದೆ ಹೋದ, ನಿಂತ, ಹಿಂದೆ ಬಂದ. ಆಮೇಲೆ ಅವಳ ಉಸಿರಾಟ ಕೇಳುತ್ತ ನಡೆದರೆ ಹೆಜ್ಜೆ ತಾನಾಗಿ ಕೂಡುತ್ತದೆ ಎಂದು ಗೊತ್ತಾಯಿತು.

ಹಿಂದಿನಿಂದ ಗುರುಲಿಂಗಪ್ಪ ಕೂಗುತ್ತ ಬಂದ. ಹೊಲದ ತನಕ ಬಂದವನು ಮಾತಾಡಿಸದೆ ಓಡಿಹೋದನಲ್ಲ ಎಂದು ಅವನಿಗೆ ಗಾಬರಿ. ಇಬ್ಬರೂ ಜೋಡಿಯಾಗಿ ನಡೆಯುವುದು ನೋಡಿ ಅವನ ಗಾಬರಿ ಇಳಿಯಿತು, ನಾಲಿಗೆ ತುರಿಸಿತು.

"ಏನೋ ಅಂಬಾದಾಸ, ಇವತ್ತೇ ಲಗ್ನ ಆಗಿ ಬಂದವರಂಗ ಹೊಂಟೀರಲ್ಲೋ."

ಮಲಕಮ್ಮ ಸೆರಗು ತಲೆಯ ಮೇಲೆಳೆದುಕೊಂಡಳು. ಸೆರಗಿನೊಳಗೆ ನಕ್ಕಳೋ ಇಲ್ಲವೋ ಅಂಬಾದಾಸನಿಗೆ ಕಾಣಲಿಲ್ಲ. ಗುರುಲಿಂಗಪ್ಪ ಸೀತನಿಯ ತೆನೆಗಳನ್ನೂ ಒಂದು ಕಟ್ಟು ಕಡಲೆ ಗಿಡವನ್ನೂ ಕೊಟ್ಟು, "ವೈನಿ, ಕಾಲು ಜ್ವಾಕಿ" ಎಂದು ಮಲಕಮ್ಮನಿಗೆ ಹೇಳಿ ಹೋದ.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಕೆಸರಾದ ಸೀರೆ ಕಂಡು ಸಾರಿಕಾ ಏನಾಯಿತೆಂದು ಕೇಳಲಿಲ್ಲ, ಮಾವನ ಮುಖ ನೋಡಿಯೇ ಕೇಳಬಾರದು ಎಂದು ತಿಳಿದುಕೊಂಡಳು. ಬಿಸಿನೀರು ಕಾಯಿಸಿ ಅತ್ತೆಯ ಕಾಲಿಗೆ ಹಾಕಿದಳು, ಎಳ್ಳೆಣ್ಣೆ ಹಚ್ಚಿದಳು. ಒಲೆಯ ಕೆಂಡದಲ್ಲಿ ತೆನೆಗಳನ್ನು ಸುಟ್ಟಳು. ಮೂವರೂ ಒಲೆಯ ಸುತ್ತ ಕೂತರು. ಅಂಬಾದಾಸ ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಹೆಂಡತಿಯ ತಾಟಿಗೆ ಹಾಕುತ್ತ ಹೋದ. ಅವಳು ಬೆಲ್ಲದ ಸಣ್ಣ ತುಣುಕು ಕೂಡಿಸಿ ತಿಂದಳು. ಸೀತನಿ ಮನೆಗೆ ತಂದರೂ ಸೀತನಿಯೇ ಆಗಿತ್ತು, ಮೆತ್ತಗೆ, ಹಾಲಿನಷ್ಟು ಸಿಹಿಯಾಗಿ.

ಅಷ್ಟರಲ್ಲಿ ನಾಗನಾಥನ ಫೋನು ಬಂತು. ಸಾರಿಕಾ ಎಲ್ಲರಿಗೂ ಕೇಳುವ ಹಾಗೆ ಮಾಡಿ ಮಾವನ ಮುಂದಿಟ್ಟಳು. ಹಿಂದೆ ಕುರಿಗಳ ಸದ್ದು ಬರುತ್ತಿತ್ತು.

"ಅವ್ವ ಹ್ಯಾಂಗದಾಳ ಅಪ್ಪಾ? ನಡೀಲಿಕತ್ತಾಳೇನು?"

"ನಡದಾಳ ಇವತ್ತ."

"ಚಲೋ ಆಯ್ತು. ಹಂಗಾರ ಸಂಕ್ರಾಂತಿ ಆದ ಮ್ಯಾಲ ಸಾರಿಕಾನ್ನ ಕಳಸ್ರಿ. ಪಂಡಿತಗ ಹಿಂದ ಒಬ್ಬಂಗೇ ಆಗವಲ್ದು."

"ಕಳಸ್ತೀನಿ" ಎಂದ ಅಂಬಾದಾಸ. ಆಮೇಲೆ, "ನಾಗ್ಯಾ, ನೀ ಮುಂದ ನಡೀಬೇಕಾದ್ರ ಹಿಂದ ತಿರುಗಿ ನೋಡ್ತೀಯೇನು?" ಎಂದು ಕೇಳಿದ.

"ಯಾಕ?"

"ಕೇಳಿದ್ದಕ್ಕ ಹೇಳು."

ನಾಗನಾಥ ಆ ಕಡೆ ನಕ್ಕ. "ತಿರುಗಿ ಯಾಕ ನೋಡ್ಬೇಕಪ್ಪಾ? ಕುರಿ ಸಪ್ಪಳ ಬರ್ತಿರ್ತದಲ್ಲ. ಹಿಂದಿನವರು ಬರೂದು ಗೊತ್ತಾಗತದ."

"ಗೊತ್ತಾಗಂಗಿಲ್ಲೋ" ಎಂದ ಅಂಬಾದಾಸ. "ನನ್ನ ಮಾತು ಕೇಳು. ಗೊತ್ತಾಗಂಗಿಲ್ಲ. ಆಕಿ ಬಂದ ಮ್ಯಾಲ ತಾಸು ತಾಸಿಗಿ ನಿಂತು ತಿರುಗಿ ನೋಡು. ಮಂದಿ ಸುಮ್ಮ ನಿಂತಾನ ಅಂದ್ರ ಅನ್ಲಿ."

ನಾಗನಾಥನಿಗೆ ಏನು ತಿಳಿಯಿತೋ, ಆಯ್ತು ಎಂದ. ಸಾರಿಕಾ ಬಗ್ಗಿ ಒಲೆಯ ಕೆಂಡ ಸರಿ ಮಾಡುತ್ತಿದ್ದಳು, ಸರಿ ಮಾಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಫೋನು ನಿಂತ ಮೇಲೆ ಮಲಕಮ್ಮ ತಾಟಿನಲ್ಲಿ ಉಳಿದ ಕಾಳುಗಳನ್ನು ಒಟ್ಟುಗೂಡಿಸಿ ಗಂಡನ ಕೈಗೆ ಹಾಕಿದಳು.

"ನಾಳಿ ಎಷ್ಟೊತ್ತಿಗಿ ಹೋಗೂದು?" ಎಂದಳು.

ಅಂಬಾದಾಸ ತಲೆಯೆತ್ತಿದ. "ಎಲ್ಲಿಗಿ?"

"ಎಲ್ಲಿಗಿ ಅಂದ್ರ, ಉಗೀಚ್. ನಡೀಲಿಕ್ಕ. ಕಾಲುದಾರಿ ಬ್ಯಾಡ, ಕಾಸಾರಶಿರಸಿ ರಸ್ತಾದ ಮ್ಯಾಲ ಹೋಗೂಣು."

"ಅಲ್ಲಿ ಬಸ್ಸು, ಮಂದಿ, ಎಲ್ಲಾ ಇರ್ತದ. ಊರೆಲ್ಲಾ ನೋಡ್ತದ."

"ನೋಡ್ಲಿ" ಎಂದಳು ಮಲಕಮ್ಮ. "ಆ ರಸ್ತಾ ಅಗಲ ಅದ."